ಹನ್ನೆರಡು ಹೆಜ್ಜೆ

ಅಂಗಡಿಯ ಹುಡುಗ ಫೋನಿನಲ್ಲಿ ಒತ್ತಿ ನೋಡಿ
"ಅಂಥ ಮಾಡೆಲ್ಲೇ ಇಲ್ಲ ಸಾರ್" ಅಂದ.
ಇಲ್ಲ ಅನ್ನೋದು ಬೇರೆ, ಇರಲೇ ಇಲ್ಲ ಅನ್ನೋದು ಬೇರೆ ಕಣಪ್ಪ.
ಹೊತ್ತಿದ್ದೇನೆ ಅದನ್ನು, ಈ ಎರಡು ಕೈಯಲ್ಲಿ,
ಶ್ರೀರಾಂಪುರದ ಗಣೇಶನ ಪೆಂಡಾಲಿನ ಮೆಟ್ಟಿಲಿಂದ
ಟೆಂಪೋ ತನಕ. ಹನ್ನೆರಡು ಹೆಜ್ಜೆ.

ಆರ್ಕೆಸ್ಟ್ರಾದಲ್ಲಿ ನನ್ನ ಕೆಲಸ ಅಷ್ಟೇ:
ವೈರು ಸುತ್ತು, ಸ್ಪೀಕರ್ ಹೊರು, ಕೊನೆಗೆ ಗಿಟಾರು.
"ತಂತಿ ಮುಟ್ಟಿದೆಯೋ, ಕೈ ಮುರೀತೀನಿ"
ಲಾಜರಸ್ ಮಾಸ್ಟರು, ಬೀಡಿ ಕಚ್ಚಿಕೊಂಡೇ.
ಉಸಿರು ಹಿಡಿದು ನಡೆಯುತ್ತಿದ್ದೆ
ನಿದ್ದೆ ಹೋದ ಮಗುವನ್ನು ಬಸ್ಸಿನಿಂದ ಇಳಿಸುವ ಹಾಗೆ.

ಸಾಗರ್‌ಟೋನ್ ಜೆಟ್-೩.
ಹಳೇ ಬಿಟಿಎಸ್ ಬಸ್ಸಿನ ಕೆಂಪು. ಮೂರು ಪಿಕಪ್ಪು.
ಹಾಲುಹಲ್ಲಿನಂಥ ಒಂದು ಬಿಳೀ ಸ್ವಿಚ್ಚು.
ಕಂಪನಿ ಮುಚ್ಚಿ ಮೂವತ್ತೊಂದು ವರ್ಷ,
ನನಗೆ ಆಸೆ ಹುಟ್ಟಿದ್ದು ಹೋದ ಯುಗಾದಿಗೆ.

ಎಸ್.ಪಿ. ರೋಡಿನ ಇಲಿಯಾಸ್ ಸಾಬರ ಡಬ್ಬದಲ್ಲಿ
ಅದರ ಒಂದು ಪಿಕಪ್ಪು ಇತ್ತು, ನಟ್ಟು ಬೋಲ್ಟುಗಳ ನಡುವೆ.
ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ
ಕುತ್ತಿಗೆ ಸಿಕ್ಕಿತು, ಮುಂಡ ಇಲ್ಲ.
ಗಾಂಧಿನಗರದಲ್ಲಿ ಶೂಟಿಂಗಿಗೆ ಸಾಮಾನು ಕೊಡುವವನು
"ಇದೇ ಅಲ್ವಾ?" ಅಂತ ಧೂಳು ಒರೆಸಿ ಎತ್ತಿ ಕೊಟ್ಟ.
ಅದೇ ಕೆಂಪು, ಅದೇ ಸೊಂಟ.
ಥರ್ಮೋಕೋಲು. ಗಾಳಿಗೆ ಕೈಯಿಂದ ಹಾರಿತು.

ನಾನು ಲಿಫ್ಟ್ ರಿಪೇರಿಯವನು.
ನಾಲ್ಕು ಹಗ್ಗವನ್ನೂ ಬೆರಳಿಂದ ಮೀಟಿ ನೋಡುತ್ತೇನೆ,
ನಾಲ್ಕರ ಬಿಗಿಯೂ ಒಂದೇ ಇರಬೇಕು,
ಒಂದು ಸಡಿಲಾದರೆ ಉಳಿದ ಮೂರು ಬೇಗ ಸವೆಯುತ್ತವೆ.
ಈ ಊರು ಮನೆ ಬದಲಾಯಿಸುವುದು ನನ್ನ ಹಗ್ಗದ ಮೇಲೆ:
ಯಾರ ಮಂಚ, ಯಾರ ವೀಣೆ, ಯಾರ ಒಡೆದ ಕನ್ನಡಿ,
ಎಲ್ಲ ನೋಡಿದ್ದೇನೆ. ಜೆಟ್ ಒಂದು ಇಳಿಯಲಿಲ್ಲ.

ಲಿಂಗರಾಜಪುರದಲ್ಲಿ ಒಂದು ಸಂಜೆ ಕರೆಂಟು ಹೋಗಿ
ಮೂರು ನಾಲ್ಕನೇ ಮಹಡಿಯ ನಡುವೆ
ಯುಲಾಲಿಯಾ ಆಂಟಿ ಸಿಕ್ಕಿಕೊಂಡರು,
ಎಪ್ಪತ್ತೆಂಟು ವಯಸ್ಸು, ಕೈಯಲ್ಲಿ ಎರಡು ಡಜನ್ ಮೊಟ್ಟೆ.
ಬಾಗಿಲ ಸಂದಿಯಲ್ಲಿ ಬಾಯಿಟ್ಟು ಮಾತಾಡಿಸುತ್ತಾ ಇರಬೇಕು,
ಹೆದರಬಾರದಲ್ಲ ಒಳಗಿರುವವರು.
ಬಿಸಿಲು, ನೀರಿನ ಟ್ಯಾಂಕರು, ಮೊಟ್ಟೆಯ ರೇಟು,
ಎಲ್ಲ ಮುಗಿದು, ಉಳಿದದ್ದು ಗಿಟಾರು.
ಹೇಳುತ್ತಾ ಹೋದೆ.
ಕತ್ತಲೊಳಗಿಂದ ದನಿ ಬಂತು:
"ಕೆಂಪಾ? ಸ್ವಿಚ್ಚು ಬಿಳೀದಾ?"

ನನ್ನ ಕೈಯ ಸ್ಪ್ಯಾನರು ಗುಂಡಿಗೆ ಬಿದ್ದು
ಎಷ್ಟೋ ಹೊತ್ತು ಸದ್ದು ಮಾಡಿತು.

ಮಂಚದ ಕೆಳಗೆ, ಟೇಬಲ್‌ಕ್ಲಾತಿನಲ್ಲಿ ಸುತ್ತಿತ್ತು.
ಅವರ ಅಣ್ಣನದು. ಅಣ್ಣ ಎಲ್ಲಿ ಅಂತ
ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.
ತಂತಿ ಐದೇ. ತೀರ ಸಣ್ಣದು ಅಡುಗೆಮನೆಯಲ್ಲಿ,
ಎರಡು ತುದಿಗೆ ಗುಂಡಿ ಕಟ್ಟಿದ್ದಾರೆ,
ಕೇಕನ್ನು ಅಡ್ಡಕ್ಕೆ ಪದರ ಪದರ ಕೊಯ್ಯೋಕೆ.
"ಅದು ಕೊಡಲ್ಲ. ಡಿಸೆಂಬರ್ ಬಂತು."
ಉಳಿದದ್ದಕ್ಕೆ ಆರು ಸಾವಿರ. ಚೌಕಾಸಿ ಮಾಡಲಿಲ್ಲ.

"ನುಡಿಸು, ಕೇಳೋಣ."
ಬರಲ್ಲ ಆಂಟಿ.
"ಒಂಚೂರೂ?"
ಒಂಚೂರೂ.
"ಮತ್ತೆ ಯಾಕಯ್ಯಾ ನಿಂಗೆ ಇದು?"
ನಾಲಿಗೆಗೆ ಸಿಕ್ಕಿದ್ದು ಹೇಳಿಬಿಟ್ಟೆ: ಹೊರೋಕೆ ಬರುತ್ತೆ.
ಅವರು ನಗುತ್ತಾ ಕೆಮ್ಮಿದರು, ಕೆಮ್ಮುತ್ತಾ ನಕ್ಕರು,
ಒಡೆಯದೆ ಉಳಿದ ಮೊಟ್ಟೆ ಎಣಿಸೋಕೆ ಕೂತರು.

ಕಾರಿಡಾರಿನಲ್ಲಿ ಯಾರೂ ಇರಲಿಲ್ಲ.
ಹೆಬ್ಬೆರಳಿಂದ ದಪ್ಪ ತಂತಿಯನ್ನು ಒಮ್ಮೆ.
ಪ್ಲಗ್ಗು ಹಾಕದ ಗಿಟಾರಿನ ಸದ್ದು
ಎದುರು ಮನೆಯ ಬಾಗಿಲಿಗೂ ಮುಟ್ಟಲ್ಲ,
ಎದೆಗೆ ಒತ್ತಿಕೊಂಡವನ ಪಕ್ಕೆಲುಬಿಗಷ್ಟೇ.
ಮಾಸ್ಟರು ಎಲ್ಲಿದ್ದರೂ ಕೈ ಮುರಿಯಲಿ.

ಮೆಟ್ಟಿಲಿಳಿಯೋಕೆ ಶುರುಮಾಡಿದೆ.
"ಲಿಫ್ಟು ಸರಿ ಮಾಡಿದ್ದೀಯಲ್ವಾ?" ಮೇಲಿಂದ ಆಂಟಿ.
ಮಾಡಿದ್ದೆ.
ಹತ್ತು, ಹನ್ನೊಂದು, ಹನ್ನೆರಡು.
ಟೆಂಪೋ ಇರಲಿಲ್ಲ,
ಇನ್ನೂ ಮೂರು ಮಹಡಿ ಇತ್ತು.